ಕ್ಯಾಸೆಟ್ಟಿನಲ್ಲಿ ಕಂಡ ಗುಡಿ

ಕಾಂಬೋಡಿಯಾದ ಕಾಡಿನಲ್ಲಿ ಮರಗಳು ನುಂಗಿ ಕೂತ ಹಳೆಯ ಬೌದ್ಧ ಗುಡಿಯನ್ನು ನಾನು ಮೊದಲು ಕಂಡದ್ದು ಬಹರೇನಿನ ಹಲ್ಲು ಡಾಕ್ಟರರ ಕ್ಲಿನಿಕ್ಕಿನಲ್ಲಿ, ಒಂದು ಹಳೆ ಮ್ಯಾಗಜಿನ್ನಿನಲ್ಲಿ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಪೈಪಿನ ನೀರು ನಿಂತರೆ ಒಣಗಿಹೋಗುವ ಮರಗಳನ್ನೇ ನೋಡಿಕೊಂಡಿದ್ದ ನನಗೆ ಆ ಚಿತ್ರ ಹುಚ್ಚು ಹಿಡಿಸಿತು. ಗಂಡನಿಗೆ ತೋರಿಸಿದೆ. "ಆಯ್ತು ಮಾರಾಯ್ತಿ, ಒಂದು ರಜೆಗೆ ಊರಿಗೆ ಹೋಗುದು ಬಿಟ್ಟು ಅಲ್ಲಿಗೇ ಹೋಗುವ, ನಾವಿಬ್ರೇ," ಎಂದರು. ನಾನು ನಂಬಿದೆ.

ಮುಂದಿನ ಬೇಸಿಗೆ ರಜೆಗೆ ಮಗಳ ಜೊತೆ ನನ್ನನ್ನು ಮಂಗಳೂರಿಗೆ ಕಳಿಸಿದರು. ತಮಗೆ ಬ್ಯಾಂಕಾಕಿನಲ್ಲಿ ಕಂಪೆನಿ ಮೀಟಿಂಗು, ಉಸಿರಾಡಲೂ ಪುರುಸೊತ್ತಿಲ್ಲ ಎಂದರು. ನಾನು ಮರಳಿದಾಗ, ಪಾಪ ದುಡಿದು ಸೊರಗಿದ್ದಾರೆ ಎಂದು ಕೋಳಿ ಸುಕ್ಕ ಮಾಡಿ ಬಡಿಸಿದೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಬಹರೇನಿನಲ್ಲಿ ವಾರದ ರಜೆಯಾದ ಶುಕ್ರವಾರ, ನಮ್ಮೂರ ಕಡೆಯ ಕುಟುಂಬಗಳು ಯಾರಾದರೊಬ್ಬರ ಮನೆಯಲ್ಲಿ ಸೇರಿ ಉಣ್ಣುವುದು ರೂಢಿ. ಉಂಡ ಮೇಲೆ, ಮನೆಯವರು ಹೋಗಿಬಂದ ಊರಿನ ವೀಡಿಯೊವನ್ನು ಎಲ್ಲರೂ ಕೂತು ನೋಡಲೇಬೇಕು. ಆ ದಿನ ಈಸಾ ಟೌನಿನಲ್ಲಿ, ಬ್ಯಾಂಕಾಕಿಗೆ ಜೊತೆಗೆ ಹೋಗಿದ್ದ ನನ್ನ ಗಂಡನ ಕಿರಿಯ ಸಹೋದ್ಯೋಗಿಯ ಮನೆ. ಅವನು ಕ್ಯಾಸೆಟ್ ತೆಗೆದದ್ದೇ ಇವರು ಎದ್ದು ನಿಂತರು. "ಅದು ಬೇಡ, ನಿನ್ನ ತಂಗಿಯ ಮದುವೆದು ಹಾಕು."

"ಸುಮ್ನೆ ಕೂತ್ಕೊಳ್ಳಿ ಮಾರಾಯ್ರೆ," ಎಂದು ಅವನು ಹಾಕಿಯೇಬಿಟ್ಟ. ಹೆಂಡತಿಯಿಂದ ಮುಚ್ಚಿಟ್ಟ ಸಂಗತಿಯೆಂದು ಅವನಿಗೇನು ಗೊತ್ತು?

ಟಿವಿಯಲ್ಲಿ ನನ್ನ ಗುಡಿ. ಉಕ್ಕಿದ ಗಂಜಿ ಪಾತ್ರೆಯ ಮೈಮೇಲೆ ಇಳಿಯುವ ಹಾಗೆ ಬೇರುಗಳು ಗೋಡೆಯ ಮೇಲೆ ಇಳಿದಿದ್ದವು. ಅವುಗಳ ಸಂದಿಯಿಂದ ಕಲ್ಲಿನ ಮುಖವೊಂದು ಇಣುಕುತ್ತಿತ್ತು. ಒಂದು ಗಳಿಗೆ ಎಲ್ಲ ಮರೆತು ನೋಡಿದೆ, ಅಷ್ಟು ಚೆಂದ. ಆಮೇಲೆ ಬೇರಿಗೆ ಒರಗಿ ಎಳನೀರು ಕುಡಿಯುತ್ತಿದ್ದ ನನ್ನ ಗಂಡ ಕಾಣಿಸಿದರು.

"ಅಕ್ಕನನ್ನೂ ಕರ್ಕೊಂಡು ಬರ್ಬೇಕಿತ್ತಲ್ಲ?" ಕ್ಯಾಮೆರಾ ಹಿಡಿದ ಸಹೋದ್ಯೋಗಿಯ ದನಿ.

ಇವರು ನಕ್ಕರು. "ಅವಳಿಗೆ ಇದೆಲ್ಲ ಎಂತ ಗೊತ್ತು? ಮುರುಕು ಕಲ್ಲು ನೋಡ್ಲಿಕ್ಕೆ ಇಷ್ಟು ದೂರವಾ ಅಂತ ಬೈತಾಳೆ."

ಹೇಳದೆ ಹೋದದ್ದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ನನ್ನ ಆಸೆಯನ್ನೇ ಕದ್ದುಕೊಂಡು ಹೋಗಿ, ನನಗೆ ಅಂಥ ಆಸೆಯೇ ಇಲ್ಲ ಎಂದು ಸಾರಿದ್ದರಲ್ಲ! ಮೈಯೆಲ್ಲ ಉರಿಯಿತು. ಇವರು ನನ್ನತ್ತ ತಿರುಗಲಿಲ್ಲ, ರಿಮೋಟ್ ಹುಡುಕುತ್ತಿದ್ದರು.

ಸಹೋದ್ಯೋಗಿಯ ಹೆಂಡತಿ ಚಾ ಕೊಡುತ್ತ ಕೇಳಿದಳು, "ಹೌದಾ ಅಕ್ಕ, ನಿಮ್ಗೆ ಇಂಥದ್ದೆಲ್ಲ ಇಷ್ಟ ಇಲ್ವಾ?"

ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಇಲ್ಲ," ಎಂದೆ. ನಾಲ್ಕು ಜನರೆದುರು ಅವರ ಮರ್ಯಾದೆ ಉಳಿಸಬೇಕಾದವಳೂ ನಾನೇ.