ಈ ಹೊಳೆಯದಲ್ಲದ ಬಳಚು

ಭಟ್ಕಳದಲ್ಲಿ ಮುಂದಿನ ಬಸ್ಸಿಗೆ ಒಂದು ಗಂಟೆ ಕಾಯಬೇಕಿತ್ತು. ಹೊಳೆಯವರೆಗೆ ನಡೆದುಹೋದೆ. ಸೇತುವೆಯ ಬುಡದಲ್ಲಿ ಒಬ್ಬ ಹೆಂಗಸು ಬಳಚು ತುಂಬಿದ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಹೆಸರು ಮಾದೇವಿಯಂತೆ. ಮೂವತ್ತು ವರ್ಷದ ಹಿಂದೆ ನೌಕರಿಗೆಂದು ಇಲ್ಲಿದ್ದಾಗ ಈ ಚಿಪ್ಪುಮೀನಿನ ಸಾರು ನನಗೆ ದಿನಾ ಬೇಕಿತ್ತು.

“ಇದೇ ಹೊಳೆಯದ್ದಲ್ಲವೇ?” ಎಂದೆ.

“ಅಲ್ಲ, ಕುಮಟೆ ಬದಿಯಿಂದ ತರ್ಸಿದ್ದು,” ಎಂದಳು. “ಇಲ್ಲಿದು ತಿಂಬೂಕೆ ಆಗುದಿಲ್ಲ. ನೀರಿಗೆ ಇಳಿದ್ರೆ ಕಾಲೆಲ್ಲ ತುರಿಕೆ.”

ಅವಳು ಕೈ ತೋರಿಸಿದ ಕಡೆ ಪೇಟೆಯ ಚರಂಡಿ ಕಪ್ಪಗೆ ಹೊಳೆಗೆ ಬೀಳುತ್ತಿತ್ತು. ಆ ನೌಕರಿಯಲ್ಲಿದ್ದಾಗ ಅದರ ನಕ್ಷೆ ಬರೆದವನು ನಾನೇ. ಮಳೆನೀರು ಹರಿದುಹೋಗಲೆಂದು ಗೆರೆ ಎಳೆದಿದ್ದೆ. ಊರು ಬೆಳೆದು, ಮನೆಮನೆಯ ಕೊಳಚೆಯೂ ಅದಕ್ಕೇ ಸೇರೀತೆಂದು ಯೋಚಿಸಿರಲಿಲ್ಲ. ಸುಮ್ಮನಿರಲಾಗದೆ ಅವಳಿಗೆ ಹೇಳಿಬಿಟ್ಟೆ.

ಬೈಯುತ್ತಾಳೆ ಅಂದುಕೊಂಡೆ. ಮಾದೇವಿ ಬುಟ್ಟಿಯ ಬಳಚಿನ ಮೇಲೆ ನೀರು ಚಿಮುಕಿಸಿದಳು.

“ಎಂತ ಹೇಳುದು? ಆಗ ನಮ್ಮ ಹತ್ರ ಒಂದು ಮಾತು ಕೇಳಿದ್ರೆ ಆಗ್ತಿತ್ತು,” ಎಂದಳು. “ನೀವು ಗೆರೆ ಎಳೆದಲ್ಲೇ ನಾವು ಬಳಚು ಹೆಕ್ಕುದಾಗಿತ್ತು.”

ನನಗದು ಗೊತ್ತಿರಲಿಲ್ಲ ಎನ್ನಲು ಹೊರಟೆ. ಗೊತ್ತಿತ್ತು. ಆ ದಂಡೆಯಲ್ಲಿ ಮೂರು ದಿನ ಟೇಪು ಹಿಡಿದು ಅಳತೆ ಮಾಡಿದ್ದೆ. ಮೊಣಕಾಲು ನೀರಿನಲ್ಲಿ ಏಳೆಂಟು ಹೆಂಗಸರು ಬಗ್ಗಿ ಹೆಕ್ಕುತ್ತಿದ್ದರು. ಅಳತೆಗೆ ಅಡ್ಡವಾಗುತ್ತದೆಂದು ಅವರಿಗೆ ಪಕ್ಕಕ್ಕೆ ಸರಿಯಲು ಹೇಳಿದವನೂ ನಾನೇ. ಅವರು ಏನೂ ಕೇಳದೆ ಸರಿದು ನಿಂತಿದ್ದರು.