ಗೆಂಟ್‌ನಲ್ಲಿ ಸಂಜೆ ಆರರವರೆಗೆ

ಶಿವಪ್ರಕಾಶ್ ಬೆಲ್ಜಿಯಂನ ಗೆಂಟ್ ಊರಿಗೆ ಬಂದದ್ದು ಆಫೀಸಿನ ಕೆಲಸಕ್ಕೆ. ಅವನು ನೆಲೆಸಿರುವ ಲಿವರ್‌ಮೋರ್‌ನ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪಂಪುಗಳ ಉಸ್ತುವಾರಿ ಅವನದು. ಮೀಟಿಂಗು ಬೇಗ ಮುಗಿದು ಗುರುವಾರ ಇಡೀ ದಿನ ಬಿಡುವಾಯಿತು.

"ರೂಮಲ್ಲೇ ಕೂರ್ಬೇಡಿ. ಹಳೇ ಊರು, ಮ್ಯೂಸಿಯಮ್ಮು ಎಲ್ಲಾ ನೋಡ್ಕೊಂಡು ಬನ್ನಿ," ಎಂದು ಹೆಂಡತಿ ಪ್ರಭಾ ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದಳು. ಆಮೇಲೆ ಮೆಲ್ಲಗೆ, "ನಾಳೆ ನಂದು ಡ್ರೈವಿಂಗ್ ಟೆಸ್ಟು ಕಣ್ರೀ, ಬೆಳಿಗ್ಗೆ ಒಂಬತ್ತಕ್ಕೆ."

ಮದುವೆಯಾಗಿ ಹಾಸನದಿಂದ ಲಿವರ್‌ಮೋರ್‌ಗೆ ಬಂದ ಮೇಲೆ ಅವಳು ಸ್ಟಿಯರಿಂಗ್ ಮುಟ್ಟಿದವಳಲ್ಲ. ಗ್ರೋಸರಿಗೆ, ಗುಡ್ಡದ ದೇವಸ್ಥಾನಕ್ಕೆ, ಮಗಳ ಶಾಲೆಗೆ, ಎಲ್ಲದಕ್ಕೂ ಅವನೇ. ಕಲಿಯುತ್ತೇನೆ ಎಂದಾಗಲೆಲ್ಲ "ನಾನಿಲ್ವಾ?" ಎಂದು ಮಾತು ತೇಲಿಸುತ್ತಿದ್ದ. ಈಗ ನೋಡಿದರೆ, ಪಕ್ಕದ ಮನೆಯ ನಿವೇದಿತಾ ಎರಡು ತಿಂಗಳಿಂದ ಅವಳಿಗೆ ಕಲಿಸುತ್ತಿದ್ದಳಂತೆ, ಇವನು ಆಫೀಸಿಗೆ ಹೋದ ಮೇಲೆ.

ಲಿವರ್‌ಮೋರ್‌ನ ಒಂಬತ್ತೆಂದರೆ ಇಲ್ಲಿ ಸಂಜೆ ಆರು. ಗುರುವಾರ ಬೆಳಿಗ್ಗೆ ಹತ್ತಕ್ಕೇ ಅವನು ಕೋಟೆಯ ಬಾಗಿಲಲ್ಲಿದ್ದ. ಮೆಟ್ಟಿಲು ಹತ್ತಿದ, ಇಳಿದ. ಗಾಜಿನ ಹಿಂದಿನ ಕತ್ತಿಗಳನ್ನು ಕಂಡೂ ಕಾಣದಂತೆ ದಾಟಿದ. ಚರ್ಚಿನಲ್ಲಿ ಎಲ್ಲರೂ ತಲೆಯೆತ್ತಿ ಚಿತ್ರ ನೋಡುತ್ತಿದ್ದರೆ ಇವನು ತಲೆ ತಗ್ಗಿಸಿ ಫೋನು ನೋಡಿದ. ಲಿವರ್‌ಮೋರ್‌ನಲ್ಲಿ ಇನ್ನೂ ಬೆಳಗಿನ ಜಾವ ಮೂರು.

ಮಧ್ಯಾಹ್ನ ಹಳೆಯ ನೂಲಿನ ಗಿರಣಿಯ ಮ್ಯೂಸಿಯಮ್ಮಿಗೆ ಹೋದ. ವಯಸ್ಸಾದ ಹೆಂಗಸೊಬ್ಬಳು ಮಗ್ಗ ಓಡಿಸಿ ತೋರಿಸುತ್ತಿದ್ದಳು. ನಾಲ್ಕನೇ ಸಲ ಅವನು ಗಡಿಯಾರ ನೋಡಿದಾಗ ಮಗ್ಗ ನಿಲ್ಲಿಸಿ ಇಂಗ್ಲಿಷಿನಲ್ಲಿ ಕೇಳಿದಳು: "ರೈಲು ಹಿಡಿಯಬೇಕಾ?"

"ಇಲ್ಲ. ನನ್ನ ಹೆಂಡತಿಗೆ ಇವತ್ತು ಕಾರು ಓಡಿಸೋ ಪರೀಕ್ಷೆ."

"ಪರೀಕ್ಷೆ ಅವಳಿಗೆ ತಾನೆ?" ಎಂದು ನಕ್ಕಳು.

ಆರಕ್ಕೆ ಮ್ಯೂಸಿಯಮ್ಮುಗಳೆಲ್ಲ ಮುಚ್ಚಿದವು. ಕಾಲುವೆಯ ಸೇತುವೆ ಮೇಲೆ ಆ ತುದಿಗೂ ಈ ತುದಿಗೂ ಅಡ್ಡಾಡಿದ. ಕಾಗದದ ಪೊಟ್ಟಣದಲ್ಲಿ ಕೊಂಡ ಕರಿದ ಆಲೂಗಡ್ಡೆ ತಣ್ಣಗಾಯಿತು. ಆರೂ ಐವತ್ತಕ್ಕೆ ಫೋನು ಬಂತು.

"ಫೇಲು ಕಣ್ರೀ. ಸ್ಟಾಪ್ ಸೈನ್ ಹತ್ರ ಕಾರು ಪೂರ್ತಿ ನಿಲ್ಲಿಸ್ಲಿಲ್ಲವಂತೆ."

"ಅಯ್ಯೋ, ಪೂರ್ತಿ ನಿಲ್ಲಿಸ್ಬೇಕು ಅಂತ ಗೊತ್ತಿಲ್ವಾ ನಿಂಗೆ?"

"ಇಷ್ಟು ವರ್ಷ ಪಕ್ಕದಲ್ಲಿ ಕೂತು ನಿಮ್ಮನ್ನೇ ನೋಡಿದೀನಿ. ನೀವು ಯಾವತ್ತು ಪೂರ್ತಿ ನಿಲ್ಸಿದೀರಿ?"

ಅವನು ತಣ್ಣಗಾದ ಪೊಟ್ಟಣವನ್ನು ಸೇತುವೆಯ ಕಟ್ಟೆಯ ಮೇಲಿಟ್ಟ. "ಬಂದ ಮೇಲೆ ನಾನೇ ಹೇಳ್ಕೊಡ್ತೀನಿ, ಬಿಡು," ಎಂದ.

"ಬೇಡಾರೀ," ಎಂದಳು ಪ್ರಭಾ. ದನಿಯಲ್ಲಿ ಕೋಪವಿರಲಿಲ್ಲ. "ನಿವೇದಿತಾ ಹತ್ರಾನೇ ಕಲೀತೀನಿ."

ಅವನು ಲಿವರ್‌ಮೋರ್‌ಗೆ ಮರಳಿ ಮೂರು ವಾರವಾಗಿತ್ತು. ಒಂದು ಸಂಜೆ ಆಫೀಸಿನಿಂದ ಬಂದಾಗ, ಮಗಳು ಕಾಲೇಜಿಗೆ ಹೋದಂದಿನಿಂದ ಮನೆಮುಂದೆ ಸುಮ್ಮನೆ ನಿಂತಿದ್ದ ಎರಡನೇ ಕಾರು ಇರಲಿಲ್ಲ. ಗಾಬರಿಯಿಂದ ಪ್ರಭಾಗೆ ಫೋನು ಮಾಡಿದರೆ ಎತ್ತಿದ್ದು ನಿವೇದಿತಾ. "ಅಂಕಲ್, ಆಂಟಿ ಇವತ್ತು ಪಾಸಾದ್ರು! ಈಗ ಡ್ರೈವ್ ಮಾಡ್ತಿದಾರೆ, ಮಾತಾಡಕ್ಕಾಗಲ್ಲ."

ಇನ್ನೊಂದು ಪರೀಕ್ಷೆ ಇದ್ದದ್ದೇ ಅವನಿಗೆ ಗೊತ್ತಿರಲಿಲ್ಲ. ಬೀಗ ತೆಗೆದ, ಒಳಗೆ ಹೋಗಲಿಲ್ಲ. ಬೀದಿಯ ತಿರುವಿನಲ್ಲಿ ಬರುವ ಒಂದೊಂದು ಕಾರನ್ನೂ ನೋಡುತ್ತ ಬಾಗಿಲಲ್ಲೇ ನಿಂತ.