ಅಕ್ಕನ ನೀರು ಜೀಪಿಗೆ ಸಂದಿತು

ಈ ಕಾಗದ ಓದಿ "ಅಯ್ಯೋ ಪಾಪ" ಎಂದು ಸುಮ್ಮನೆ ಕೂರುವ ಸೋಮಾರಿ ನೆಂಟರೇ, ಪುತ್ತಿಗೆಯ ನನ್ನ ಅಕ್ಕ ಇಂದೋ ನಾಳೆಯೋ ಎಂದು ಎಲ್ಲರಿಗೂ ಹೇಳಿ ಕಳಿಸಿದ್ದೆ. ಒಬ್ಬರಾದರೂ ಬಂದಿರಾ? ಕೊನೆಗೆ ಬಾಯಿಗೆ ಧರ್ಮಸ್ಥಳದ ನೇತ್ರಾವತಿ ನೀರೇ ಬೀಳಬೇಕೆಂಬುದು ಅವಳ ಆಸೆ. ಇಂದು ಬೆಳಿಗ್ಗೆ ನಾನೇ ಹೊಳೆಗಿಳಿದು ಬಾಟ್ಲಿಯಲ್ಲಿ ತುಂಬಿಸಿಕೊಂಡು ದೂಮಣ್ಣನ ಬಾಡಿಗೆ ಜೀಪು ಹತ್ತಿದೆ.

ಬೆಳ್ತಂಗಡಿ ದಾಟಿದ್ದೇ ಹೊಗೆ. ಬಾನೆಟ್ ಎತ್ತಿದರೆ ಬೆಂಕಿ. ಇಂಜಿನಿನ ಹೊಗೆ ಕೊಳವೆಯ ಬಿಸಿಗೆ ಪ್ಲಗ್ಗಿನ ವಯರು ಕರಗಬಾರದೆಂದು ಈ ಪುಣ್ಯಾತ್ಮ ಅದಕ್ಕೆ ಅಡಿಕೆ ಹಾಳೆ ಸುತ್ತಿದ್ದ!

"ಹಾಳೆಯ ತಟ್ಟೆಯಲ್ಲಿ ಬಿಸಿ ಗಂಜಿ ಬಡಿಸಿದರೂ ಕೈ ಸುಡುವುದಿಲ್ಲವಲ್ಲ ಅಜ್ಜಿ?" ಎಂದ.

"ಒಣ ಹಾಳೆಯಲ್ಲಿ ಒಲೆ ಹೊತ್ತಿಸ್ತೇವೆ ಮಾರಾಯ. ನಿನ್ನ ಮನೆಯಲ್ಲಿ ಒಲೆ ಉಂಟಾ ಇಲ್ವಾ?" ಎನ್ನುವಷ್ಟರಲ್ಲಿ ನನ್ನ ಕೈಯ ಬಾಟ್ಲಿ ಕಿತ್ತು ಬೆಂಕಿಗೆ ಸುರಿದೇ ಬಿಟ್ಟ.

ಹಿಂದೆ ಹೋಗಲು ಹೊತ್ತಿರಲಿಲ್ಲ. ಎರಡು ವಯರು ಸುಟ್ಟುಕೊಂಡ ಜೀಪು ಕೆಮ್ಮುತ್ತಾ ಮಧ್ಯಾಹ್ನಕ್ಕೆ ಪುತ್ತಿಗೆ ಮುಟ್ಟಿತು. ಅಕ್ಕನಿಗೆ ಇನ್ನೂ ಜೀವ ಇತ್ತು. ಅವಳದೇ ಬಾವಿಯ ನೀರನ್ನು ಚಮಚದಲ್ಲಿ ಬಾಯಿಗೆ ಬಿಟ್ಟೆ.

"ಧರ್ಮಸ್ಥಳದ್ದಾ?" ಎಂದಳು.

ನಾನು ಇನ್ನೊಂದು ಚಮಚ ತುಂಬಿಸಿದೆ. ಬಾಗಿಲಲ್ಲಿ ನಿಂತಿದ್ದ ದೂಮಣ್ಣನೇ, "ಹೌದಮ್ಮ, ನನ್ನ ಜೀಪಿನಲ್ಲೇ ತಂದದ್ದು" ಎಂದ. ಅಕ್ಕ ಕಣ್ಣು ಮುಚ್ಚಿದಳು. ಮತ್ತೆ ತೆರೆಯಲಿಲ್ಲ.

ಇನ್ನು ನನ್ನ ಸರದಿ. ನನ್ನ ಬಾಯಿಗೆ ನೀರು ಬಿಡುವವರು ನಿಮ್ಮಲ್ಲಿ ಯಾರೆಂದು ಬರುವ ತಿಂಗಳಿಗೆ ಮೊದಲು ಉತ್ತರ ಬರೆಯಿರಿ. ಯಾವ ನೀರಾದರೂ ಆದೀತು, ದೂಮಣ್ಣನ ಜೀಪಿನಲ್ಲಿ ಮಾತ್ರ ತರಬೇಡಿ.